ನಮ್ಮ ಮನೆತನದ ನಿಲ್ಲದ ರಕ್ತ

ಪ್ರತಿ ಮನೆತನಕ್ಕೂ ಹೇಳಿಕೊಳ್ಳಲು ಏನಾದರೊಂದು ಬೇಕು. ಹೊಲ, ವಾಡೆ, ದೇಸಗತಿ ಇದ್ದವರು ಅದನ್ನು ಹೇಳಿಕೊಳ್ಳುತ್ತಾರೆ. ಇಲ್ಲದವರು ಕಾಯಿಲೆ ಹೇಳಿಕೊಳ್ಳುತ್ತಾರೆ. ನನ್ನ ಹೆಂಡತಿ ಸುವರ್ಣಾಳ ತವರಿನವರದು ಸಕ್ಕರೆ ಕಾಯಿಲೆ. ಅಲ್ಲಿ ಮದುವೆಯ ಊಟಕ್ಕೆ ಕೂತರೆ ಹೋಳಿಗೆಯ ಬುಟ್ಟಿಗಿಂತ ಮುಂಚೆ ಗುಳಿಗೆಯ ಡಬ್ಬಿಗಳು ಹೊರಬರುತ್ತವೆ. ನಮ್ಮ ಎದುರು ಫ್ಲ್ಯಾಟಿನವರದು ಮೂರು ತಲೆಮಾರಿನ ಅರೆತಲೆನೋವು. ನಮ್ಮದು ನಿಲ್ಲದ ರಕ್ತ. “ನಮ್ಮ ಮನಿತನದಾಗ ರಕ್ತ ಹರಿಯಾಕ ಹತ್ತಿತಂದ್ರ ನಿಲ್ಲಂಗಿಲ್ಲ” ಎಂದು ನಮ್ಮಪ್ಪ ಬೀಗರ ಮುಂದೆ ಹೇಳುವಾಗ ಅವರ ದನಿಯಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಗತ್ತು ಇರುತ್ತಿತ್ತು. ಆ ಗತ್ತನ್ನು ನಾನು ಅರವತ್ತು ದಾಟುವವರೆಗೂ ಜೋಪಾನವಾಗಿ ಕಾಪಾಡಿಕೊಂಡು ಬಂದೆ. ಹೋದ ವರ್ಷ ಹೈದರಾಬಾದಿನ ಒಂದು ಆಸ್ಪತ್ರೆಯ ಕೋಣೆಯಲ್ಲಿ, ಹೆಂಡತಿಯ ಎದುರಿಗೇ, ಅದನ್ನು ಕಳೆದುಕೊಂಡೆ.

ನಮ್ಮ ಮನೆತನದ ಈ ಕೀರ್ತಿಗೆ ಆಧಾರ ಒಂದೇ ಘಟನೆ, ಅದನ್ನು ಕಣ್ಣಾರೆ ಕಂಡವರಲ್ಲಿ ಹೇಳಲು ಸಿದ್ಧನಿರುವವನು ನಾನೊಬ್ಬನೇ. ಆಗ ನಾವು ಸೇಡಂನಲ್ಲಿದ್ದೆವು. ನನಗೆ ಎಂಟು ವರ್ಷ, ಅಣ್ಣ ಶರಣಪ್ಪನಿಗೆ ಹತ್ತು. ಅಣ್ಣನ ಕೆಳದವಡೆಯ ಎಡಗಡೆಯ ಹಲ್ಲೊಂದು ಹುಳುಕಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಸರ್ಕಾರಿ ದವಾಖಾನೆಯಲ್ಲಿ ಅದನ್ನು ಕೀಳಿಸಿ, ಹತ್ತಿಯ ಉಂಡೆ ಕಚ್ಚಿಸಿಕೊಂಡು ಮನೆಗೆ ಕರೆತಂದರು. ಮಧ್ಯಾಹ್ನದ ತನಕ ಎಲ್ಲ ಸರಿಯಾಗಿತ್ತು. ನಾಲ್ಕು ಗಂಟೆಯ ಸುಮಾರಿಗೆ ಬಾಯಿಂದ ರಕ್ತ ಶುರುವಾಯಿತು, ನಿಲ್ಲಲೇ ಇಲ್ಲ. ನಮ್ಮ ಮಾಳಿಗೆಯ ಎದುರಿಗೆ, ಒಂದು ಓಣಿಯ ಆಚೆ, ಕಾಶಮ್ಮನ ಮನೆಯ ಗೋಡೆ. ಯುಗಾದಿ ಬಂತೆಂದು ಎರಡು ದಿನದ ಹಿಂದಷ್ಟೇ ಸುಣ್ಣ ಬಳಿಸಿದ್ದಳು. ಆ ಬಿಳಿ ಗೋಡೆಯ ಮೇಲೆ ಕೆಂಪು ಕಲೆಗಳು ಹನ್ನೊಂದು. ಹತ್ತಲ್ಲ, ಹನ್ನೆರಡಲ್ಲ, ನಾನೇ ಎಣಿಸಿದ್ದೆ. ಗೋಡೆ ಹಾಳಾಯಿತೆಂದು ಜಗಳಕ್ಕೆ ಬಂದ ಕಾಶಮ್ಮ ಅಣ್ಣನ ಬಾಯಿ ನೋಡಿದ್ದೇ ಹೊಸ್ತಿಲ ಮೇಲೆ ಕುಸಿದು ಕೂತಳು. “ಯವ್ವಾ, ಕೂಸಿನ ಮೈಯಾಗಿನ ರಕ್ತ ಎಲ್ಲಾ ನನ್ನ ಗ್ವಾಡಿ ಮ್ಯಾಲೇ ಬಂದೈತಲ್ಲ.”

ಅವ್ವ ಮೊದಲು ಅರಿಶಿನ ತುಂಬಿದಳು, ಆಮೇಲೆ ಚಹಾಪುಡಿ ತುಂಬಿದಳು. ಎರಡೂ ಕೆಂಪಾಗಿ ಹೊರಬಂದವು. ಶಾಲಾ ಮಾಸ್ತರರಾಗಿದ್ದ ಅಪ್ಪ ಅಣ್ಣನನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ಓಡಿದರು. ನಾನು ಹಿಂದೆ ಹಿಂದೆ ಓಡಿದೆ. ಅಪ್ಪನ ಬಿಳಿ ಅಂಗಿಯ ಬೆನ್ನಿನ ಮೇಲೆ ಒಂದು ಕೆಂಪು ಗೆರೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅದು ಸೊಂಟ ಮುಟ್ಟುವುದರೊಳಗೆ ದವಾಖಾನೆ ಬಂದರೆ ಅಣ್ಣ ಬದುಕುತ್ತಾನೆ ಎಂದು ನನ್ನಷ್ಟಕ್ಕೆ ನಾನು ಲೆಕ್ಕ ಹಾಕಿಕೊಂಡಿದ್ದೆ. ಗೆರೆ ಧೋತರದ ಗಂಟಿಗೆ ನಾಲ್ಕು ಬೆರಳು ಮೇಲಿರುವಾಗ ದವಾಖಾನೆಯ ಗೇಟು ಬಂತು. ಡಾಕ್ಟರು ಎರಡು ಹೊಲಿಗೆ ಹಾಕಿ, “ಮಾಸ್ತರೇ, ನಿಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ?” ಎಂದು ಕೇಳಿದರು. ಅಪ್ಪ ತುಂಬಾ ಹೊತ್ತು ಯೋಚಿಸಿ, ತಮ್ಮ ದೊಡ್ಡಪ್ಪ ರಕ್ತ ಹೋಗಿ ಸತ್ತದ್ದನ್ನು ನೆನಪಿಸಿಕೊಂಡರು. ಆ ದೊಡ್ಡಪ್ಪನಿಗೆ ಎತ್ತು ಹೊಟ್ಟೆಗೇ ಕೊಂಬು ಹಾಕಿತ್ತು ಎಂಬುದನ್ನು ಹೇಳುವಷ್ಟರಲ್ಲಿ ಡಾಕ್ಟರು ಬೇರೆ ರೋಗಿಯ ಹತ್ತಿರ ಹೋಗಿದ್ದರು.

ಅಲ್ಲಿಂದ ನಮ್ಮ ಬದುಕೇ ಬೇರೆಯಾಯಿತು. ಅಪ್ಪ ಹೆಡ್‌ಮಾಸ್ತರರಿಗೆ ಚೀಟಿ ಬರೆದುಕೊಟ್ಟರು: ನನ್ನ ಮಕ್ಕಳಿಬ್ಬರಿಗೂ ಛಡಿ ಏಟು ಕೊಡಬಾರದು, ರಕ್ತ ಬಂದರೆ ನಿಲ್ಲುವುದಿಲ್ಲ. ಇಡೀ ಶಾಲೆಯಲ್ಲಿ ಮಗ್ಗಿ ತಪ್ಪಿದರೂ ಪೆಟ್ಟು ತಿನ್ನದವರು ನಾವಿಬ್ಬರೇ. ಅವ್ವ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಹೆಬ್ಬೆರಳಿನಷ್ಟು ಚೀಲ ಹೊಲಿದು, ಅರಿಶಿನ ತುಂಬಿ ನನ್ನ ಅಂಗಿಯ ಜೇಬಿನಲ್ಲಿಟ್ಟಳು. ಅಣ್ಣ ತನ್ನ ಚೀಲವನ್ನು ಒಂದೇ ವಾರದಲ್ಲಿ ಗೋಲಿ ಇಡಲು ಬಳಸಿದ. ನಾನು ನನ್ನದನ್ನು ಉಳಿಸಿಕೊಂಡೆ. ಅವ್ವ ಹೋದ ಮೇಲೆ ಸುವರ್ಣಾ ಅದಕ್ಕೆ ಹೊಸ ಬಟ್ಟೆ ಹಾಕಿದಳು, ಹೊಸ ಅರಿಶಿನ ತುಂಬಿದಳು. ನೌಕರಿಗೆಂದು ಹೈದರಾಬಾದಿನ ಬಾಲಾನಗರದ ಕಾರ್ಖಾನೆಗೆ ಬಂದ ಮೊದಲ ದಿನ ನನ್ನನ್ನು ಲೇತ್ ಯಂತ್ರದ ಮುಂದೆ ನಿಲ್ಲಿಸಿದರು. ಉಕ್ಕಿನ ಸುರುಳಿಗಳು ನೀಲಿಯಾಗಿ, ಬ್ಲೇಡಿನಂತೆ ಹರಿತವಾಗಿ ಕಾಲಬುಡದಲ್ಲಿ ಬೀಳುತ್ತಿದ್ದವು. ನಾನು ಫೋರ್ಮನ್ನರಿಗೆ ಸೇಡಂನ ಕಥೆಯನ್ನು ಹನ್ನೊಂದು ಕಲೆಗಳ ಸಮೇತ ಹೇಳಿದೆ. ಅವರು ಬೆವರು ಒರೆಸಿಕೊಂಡು ನನ್ನನ್ನು ತಪಾಸಣೆ ವಿಭಾಗಕ್ಕೆ ಕಳಿಸಿಬಿಟ್ಟರು. ಅಲ್ಲಿ ಮೂವತ್ತಮೂರು ವರ್ಷ ಮೈಕ್ರೊಮೀಟರು ಹಿಡಿದು, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮಾಲನ್ನು ವಾಪಸು ಕಳಿಸುತ್ತ ಕಾಲ ಕಳೆದೆ. ನನ್ನ ಅಳತೆಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಮನೆಯಲ್ಲಿ ಇದರ ಪರಿಣಾಮ ಇನ್ನೂ ವಿಸ್ತಾರವಾಗಿತ್ತು. ಹಜಾಮನ ಕತ್ತಿ ನನ್ನ ಕೆನ್ನೆ ಮುಟ್ಟಲಿಲ್ಲ. ಗುಲಾಬಿ ಗಿಡ ನಮ್ಮ ಬಾಲ್ಕನಿಗೆ ಬರಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷಗಳಲ್ಲಿ ನಾನು ಒಂದು ಉಳ್ಳಾಗಡ್ಡಿಯನ್ನೂ ಹೆಚ್ಚಲಿಲ್ಲ. ಮೊದಮೊದಲು ನಾನು ಅಡುಗೆಮನೆಗೆ ಬಂದರೆ ಸುವರ್ಣಾ ತಾನೇ ಇಳಿಗೆಯನ್ನು ಸೆರಗಿನಲ್ಲಿ ಮುಚ್ಚುತ್ತಿದ್ದಳು. ಆಮೇಲಾಮೇಲೆ, “ನಿಮ್ಮ ರಕ್ತ ನಿಲ್ಲಂಗಿಲ್ಲ, ನನ್ನ ಕೆಲಸ ನಿಲ್ಲಂಗಿಲ್ಲ. ಹೊರಗ ಹೋಗಿ ಕುಂದರ್ರಿ” ಎನ್ನುತ್ತಿದ್ದಳು. ಇದರ ಜೊತೆಗೆ ಇನ್ನೊಂದು ಸಣ್ಣ ವಿಷಯ: ನಾನು ಎಲೆ ಅಡಿಕೆ ಹಾಕುವುದಿಲ್ಲ. ನಮ್ಮ ಕಡೆಯವನಾಗಿದ್ದೂ, ಊಟದ ನಂತರ ತಾಂಬೂಲದ ತಟ್ಟೆ ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತೇನೆ. ಯಾಕೆಂದು ಕೇಳಿದರೆ ಹಲ್ಲು ಕೆಡುತ್ತದೆ ಎಂದು ಹೇಳುತ್ತ ಬಂದಿದ್ದೇನೆ. ಇದನ್ನು ಇಲ್ಲಿ ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ. ನನಗೂ ಮುಂದೆಯೇ ತಿಳಿದದ್ದು.

ನಾಲ್ಕು ವರ್ಷದಿಂದ ನನಗೆ ಹರ್ನಿಯಾ. ಕೆಮ್ಮಿದರೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಪಟ್ಟಿ ಕಟ್ಟಿಕೊಂಡು ದಿನ ದೂಡಿದೆ. ಆದರೆ ಹೋದ ವರ್ಷ ಅದು ಒಂದು ಸಂಜೆ ಒಳಗೆ ಹೋಗಲು ಅರ್ಧ ಗಂಟೆ ಹಟ ಮಾಡಿತು. ಸರ್ಜನ್ನರು ನೋಡಿ, “ಇನ್ನು ತಡ ಮಾಡಬೇಡಿ. ಒಂದು ದಿನ ಕರುಳು ಅಲ್ಲೇ ಸಿಕ್ಕಿಹಾಕಿಕೊಂಡರೆ ಜೀವಕ್ಕೆ ಅಪಾಯ” ಎಂದರು. ಮುಂದಿನ ಸೋಮವಾರಕ್ಕೆ ದಿನ ಗೊತ್ತುಮಾಡಿ ಪರೀಕ್ಷೆಗಳ ಚೀಟಿ ಬರೆದುಕೊಟ್ಟರು. ಅದರಲ್ಲಿ ಮೂರನೆಯ ಸಾಲು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ. ಐವತ್ತಾರು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಂದು ಚೀಟಿ ಕೇಳಿತ್ತು. ಈ ಕಡೆ ಸಿಕ್ಕಿಕೊಳ್ಳುವ ಕರುಳು, ಆ ಕಡೆ ನಿಲ್ಲದ ರಕ್ತ. ನಾನು ಜೇಬಿನ ಅರಿಶಿನದ ಚೀಲ ಮುಟ್ಟಿ ನೋಡಿಕೊಂಡೆ.

ಪರೀಕ್ಷೆಗೆ ನಮ್ಮ ಕಾಲೊನಿಯ ಲ್ಯಾಬಿಗೇ ಹೋದೆವು. ದೊಡ್ಡ ಲ್ಯಾಬುಗಳಲ್ಲಿ ಈಗ ಎಲ್ಲ ಯಂತ್ರವಂತೆ. ಇಲ್ಲಿಯೂ ಒಂದು ಸೀಸೆ ರಕ್ತ ಯಂತ್ರಕ್ಕೆಂದು ತೆಗೆದರು. ಆದರೆ ಸಣ್ಣ ಪರೀಕ್ಷೆ ಎರಡನ್ನು ಇನ್ನೂ ಹಳೆಯ ಪದ್ಧತಿಯಲ್ಲೇ ಮಾಡುತ್ತಾರೆ. ಪದ್ಮಾ ಎಂಬ ಹೆಣ್ಣುಮಗಳು ನನ್ನ ಬೆರಳ ತುದಿಗೆ ಸೂಜಿ ಚುಚ್ಚಿ, ಅರ್ಧ ಅರ್ಧ ನಿಮಿಷಕ್ಕೊಮ್ಮೆ ಒಂದು ಸೋಸುಕಾಗದವನ್ನು ಆ ಹನಿಗೆ ಮುಟ್ಟಿಸತೊಡಗಿದಳು. ಎಷ್ಟು ಹೊತ್ತಿಗೆ ಕಾಗದಕ್ಕೆ ಕೆಂಪು ಹತ್ತುವುದು ನಿಲ್ಲುತ್ತದೋ ಅದು ರಕ್ತ ನಿಲ್ಲುವ ಹೊತ್ತು. ಅವಳು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು. ನಾನು ನನ್ನ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ. ನಡುವೆ ಅವಳಿಗೆ ಯಾರದೋ ಸಂದೇಶ ಬಂತು, ಮೂರನೆಯ ಚುಕ್ಕೆ ಐದು ಸೆಕೆಂಡು ತಡವಾಯಿತು. ನಾನು ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕ್ಯಾ ಅಂಕಲ್, ಆಪ್ ಇನ್‌ಸ್ಪೆಕ್ಟರ್ ಥೇ ಕ್ಯಾ?” ಎಂದಳು. ಹೌದು, ಮೂವತ್ತಮೂರು ವರ್ಷ ಇನ್‌ಸ್ಪೆಕ್ಟರನಾಗಿದ್ದೆ ಎಂದೆ. ಅವಳು ಪೊಲೀಸು ಎಂದುಕೊಂಡಳೋ ಏನೋ, ಮುಂದಿನ ಚುಕ್ಕೆಗಳನ್ನು ಬಹಳ ಮರ್ಯಾದೆಯಿಂದ ಮುಟ್ಟಿಸಿದಳು.

ಕಾಗದದ ಮೇಲೆ ಚುಕ್ಕೆಗಳು ಸಾಲಾಗಿ ಕೂತವು. ಮೊದಲನೆಯದು ಅವ್ವನ ಕುಂಕುಮದಷ್ಟು, ಎರಡನೆಯದು ಸುವರ್ಣಾಳ ಕುಂಕುಮದಷ್ಟು, ಮೂರನೆಯದು ಈಗಿನ ಹುಡುಗಿಯರು ಇಡುವ ಬೊಟ್ಟಿನಷ್ಟು. ನಾಲ್ಕನೆಯದು ಸಾಸಿವೆ ಕಾಳು. ಐದನೆಯ ಸಲ ಕಾಗದ ಬಿಳಿಯಾಗಿಯೇ ಉಳಿಯಿತು. ಎರಡೂವರೆ ನಿಮಿಷ. ಆಮೇಲೆ ಕೂದಲಿನಂಥ ಗಾಜಿನ ನಳಿಗೆಯಲ್ಲಿ ರಕ್ತ ಏರಿಸಿ, ಚೂರು ಚೂರೇ ಮುರಿಯುತ್ತ ಹೋದಳು. ಐದನೆಯ ನಿಮಿಷದಲ್ಲಿ ಮುರಿದ ಎರಡು ತುಂಡಿನ ನಡುವೆ ರಕ್ತದ್ದೇ ಒಂದು ಸಣ್ಣ ಎಳೆ ತೂಗಾಡಿತು. “ಹೋಗಯಾ ಅಂಕಲ್, ನಾರ್ಮಲ್” ಎಂದಳು. ಸುವರ್ಣಾ ಆ ಎಳೆಯನ್ನೇ ನೋಡುತ್ತ, “ಹಾಲಿಗೆ ಹೆಪ್ಪು ಹಿಡಿದಂಗ ಹಿಡದೈತಲ್ರಿ” ಎಂದಳು. ಮೂವತ್ತೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳ ಕಣ್ಣಿನಲ್ಲಿ ಸಂಶಯ ಕಂಡೆ. ನಾನು ಕಾಗದವನ್ನು ಕೇಳಿ ತೆಗೆದುಕೊಂಡು ಅರಿಶಿನದ ಚೀಲದ ಪಕ್ಕ ಇಟ್ಟುಕೊಂಡೆ. ಸಂತೋಷವಾಗಬೇಕಿತ್ತು. ನಿಜ ಹೇಳಬೇಕೆಂದರೆ, ನಮ್ಮ ಮನೆತನದ ಒಂದು ಹೊಲ ಬೇರೆಯವರ ಹೆಸರಿಗೆ ಆದಂತೆ ಅನಿಸಿತು.

ಆ ಹೊಲವನ್ನು ಶುಕ್ರವಾರ ನಾನೇ ವಾಪಸು ಪಡೆದೆ. ಆಪರೇಷನ್ನಿಗೆ ಮುಂಚೆ ಅರಿವಳಿಕೆಯ ಡಾಕ್ಟರಮ್ಮ ತಪಾಸಣೆ ಮಾಡುವ ಕ್ರಮವಿದೆ. ಮಗಳ ವಯಸ್ಸಿನ ಹೆಣ್ಣುಮಗಳು, ತೆಲುಗು ಹಿಂದಿ ಕೂಡಿಸಿ ಮಾತಾಡುತ್ತಿದ್ದಳು. ಯಂತ್ರದ ವರದಿಯನ್ನೂ ಚುಕ್ಕೆಯ ವರದಿಯನ್ನೂ ನೋಡಿ ಎಲ್ಲ ಸರಿಯಿದೆ ಎಂದು ಹೇಳಿ, ಬರೆಯುತ್ತಲೇ ವಾಡಿಕೆಯಂತೆ ಒಂದು ಮಾತು ಕೇಳಿದಳು: ಮನೆಯಲ್ಲಿ ಯಾರಿಗಾದರೂ ಗಾಯವಾದಾಗ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ತೊಂದರೆ ಆಗಿತ್ತೇ? ಸುವರ್ಣಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೆ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಡುವುದು ನನ್ನ ಜಾಯಮಾನವಲ್ಲ. ಹತ್ತೂವರೆಗೆ ಹಲ್ಲು, ನಾಲ್ಕಕ್ಕೆ ರಕ್ತ, ಅರಿಶಿನ, ಚಹಾಪುಡಿ, ಅಪ್ಪನ ಅಂಗಿಯ ಗೆರೆ, ಎರಡು ಹೊಲಿಗೆ, ಹನ್ನೊಂದು ಕಲೆ, ದೊಡ್ಡಪ್ಪ. ಎತ್ತಿನ ವಿಷಯಕ್ಕೆ ಬರುವಷ್ಟರಲ್ಲಿ ಡಾಕ್ಟರಮ್ಮ ಪೆನ್ನು ಕೆಳಗಿಟ್ಟಿದ್ದಳು. ಈ ಪರೀಕ್ಷೆಗಳಲ್ಲಿ ಎಲ್ಲವೂ ಸಿಗುವುದಿಲ್ಲ, ಮನೆಯವರು ಹೇಳುವ ಮಾತೇ ಎಷ್ಟೋ ಸಲ ವರದಿಗಿಂತ ಮುಖ್ಯ, ನಿಮ್ಮಂತೆ ಇಷ್ಟು ಸ್ಪಷ್ಟವಾಗಿ ಹೇಳಿದವರನ್ನು ನಾನು ನೋಡಿಲ್ಲ ಎಂದಳು. ಸೋಮವಾರದ ಆಪರೇಷನ್ನು ಮುಂದಕ್ಕೆ ಹೋಯಿತು. ದೊಡ್ಡ ಪರೀಕ್ಷೆಗಳಾಗಬೇಕು; ಅದಕ್ಕೂ ಮುಂಚೆ ಅಣ್ಣನಿಗೆ ಆಮೇಲೆ ಯಾವಾಗಲಾದರೂ ಹಾಗಾಗಿತ್ತೇ ಎಂದು ತಿಳಿದು ಬರಬೇಕು.

ಮನೆಯ ಮೆಟ್ಟಿಲು ಹತ್ತುವಾಗ ಸುವರ್ಣಾ, “ಹನ್ನೊಂದು ಕಲಿ ನೆನಪಿಡೂದಕ್ಕಿಂತ ಒಂದು ಜೀವ ನೆನಪಿಟ್ಟಿದ್ರ ಛಲೋ ಇತ್ತು” ಎಂದಳು. ಭಾನುವಾರ ನನಗೆ ಕೆಮ್ಮು ಬಂತು. ಉಬ್ಬು ಗಟ್ಟಿಯಾಗಿ ಮುಕ್ಕಾಲು ಗಂಟೆ ಒಳಗೆ ಹೋಗಲಿಲ್ಲ. ಅವಳು ನನ್ನ ತಲೆಯ ಹತ್ತಿರ ಕೂತು, ನನ್ನ ಗಡಿಯಾರವನ್ನು ತನ್ನ ಕೈಯಲ್ಲಿ ಹಿಡಿದುಕೊಂಡಿದ್ದಳು. ಉಬ್ಬು ಒಳಹೋದ ಮೇಲೆ ನಾನೇ ಅಣ್ಣನಿಗೆ ಫೋನು ಮಾಡಿದೆ. ವಿಷಯ ಕೇಳಿದ ಅವನು, “ಬಸ್ಯಾ, ಇದು ಫೋನಿನಾಗ ಹೇಳೂ ಮಾತಲ್ಲ. ನಾಳಿ ಗಾಡಿಗೆ ಬರ್ತೀನಿ” ಎಂದ.

ಅಣ್ಣ ಬಂದ. ಕೈಚೀಲದಲ್ಲಿ ಒಣಗಿಸಿದ ಜೋಳದ ಕಟಿರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು. ಅರವತ್ತಾರರಲ್ಲೂ ಅವನ ಕೆನ್ನೆ ನುಣ್ಣಗೆ, ಹಜಾಮನ ಕತ್ತಿಯದೇ ಕೆಲಸ. ರಕ್ತ ಹರಿದವನು ಕತ್ತಿಗೆ ಕೆನ್ನೆ ಕೊಡುತ್ತ ಬಂದಿದ್ದ. ಹರಿದದ್ದನ್ನು ನೋಡಿದವನು ಅರಿಶಿನ ಹೊತ್ತು ತಿರುಗುತ್ತಿದ್ದ. ಇದು ನನ್ನ ಕಣ್ಣಿಗೆ ಬಿದ್ದದ್ದು ಅಂದೇ. ಮನೆಯಲ್ಲಿ ಏನು ಕೇಳಿದರೂ ಅವನು, “ಡಾಕ್ಟರ್ ಮುಂದ ಹೇಳ್ತೀನಿ” ಎಂದ. ಡಾಕ್ಟರಮ್ಮನ ಕೋಣೆಯಲ್ಲಿ ಅವನು ಕನ್ನಡದಲ್ಲಿ ಹೇಳುತ್ತ ಹೋದ, ಸುವರ್ಣಾ ತೆಲುಗಿನಲ್ಲಿ ತಿರುಗಿಸುತ್ತ ಹೋದಳು.

“ಆಮ್ಯಾಲೆ ನಾಕು ಹಲ್ಲು ಕಿತ್ತಿಸೀನ್ರಿ, ಏನೂ ಆಗಿಲ್ಲ. ಮೂಲವ್ಯಾಧಿದು ಆಪರೇಷನ್ ಆಗೈತಿ. ಅದನ್ನ ಯಾರಿಗೂ ಹೇಳಿದ್ದಿಲ್ಲ, ನಾಚಿಕಿ ಅಂತ. ಅದೂ ಮೂರು ದಿನಕ್ಕ ಅರಾಮಾತು.”

ಹಾಗಾದರೆ ಆ ದಿನ ಏನಾಯಿತು ಎಂದು ಡಾಕ್ಟರಮ್ಮ ಕೇಳಿದಳು. ಅಣ್ಣ ನನ್ನ ಕಡೆ ನೋಡಿದ.

“ಹೇಳ್ಲೇನೋ?”

“ಹೇಳು” ಎಂದೆ. ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದೇ ನಾನು ತಿಳಿದಿದ್ದೆ.

“ನಾನು ಹತ್ತಿ ಕಚ್ಚಕೊಂಡು ಸುಮ್ ಮಲಗಿದ್ದೆನ್ರಿ. ಇವ ಬಂದು, ಮಾಳಿಗಿ ಮ್ಯಾಲಿಂದ ಉಗುಳಿದ್ರ ಕಾಶಮ್ಮನ ಗ್ವಾಡಿ ಮುಟ್ಟತೈತೇನು ಅಂತ ಪಂದ್ಯ ಕಟ್ಟಿದ. ಹತ್ತಿ ತಗದು ಒಗದೆ, ಜಗ್ಗಿ ಉಗುಳಿದೆ. ಕೆಂಪಗ ಹೋಗಿ ಬಡೀತು. ಇವನದು ಬರೇ ನೀರು, ಗ್ವಾಡಿ ಮ್ಯಾಲ ಕಾಣವಲ್ದು. ಕೆಳಗ ಓಡಿ ಅವ್ವನ ಎಲಿ ಡಬ್ಬಿ ಕದ್ದು ತಂದ. ಎಲಿ, ಅಡಿಕಿ, ಮ್ಯಾಲೆ ಇಷ್ಟು ಸುಣ್ಣ. ನಾಲಿಗಿ ಸುಟ್ಟಕೊಂಡ, ಆದ್ರೂ ಬಿಡಲಿಲ್ಲ. ಉಗುಳಿದ್ದೇ ಉಗುಳಿದ್ದು.”

ಸುವರ್ಣಾ ಭಾಷಾಂತರ ನಿಲ್ಲಿಸಿದ್ದಳು. ಡಾಕ್ಟರಮ್ಮ, ಏನಂದರು, ಏನಂದರು ಎಂದು ಕೇಳುತ್ತಿದ್ದಳು. ಸುವರ್ಣಾ ನನ್ನ ಮುಖ ನೋಡುತ್ತಲೇ ಕೇಳಿದಳು: “ಭಾವಾರ, ಹಂಗಾರ ಆ ಹನ್ನೊಂದು ಕಲಿ?”

“ಐದು ನನ್ನವು, ಆರು ಇವನವು. ಇವನೇ ಗೆದ್ದ.”

ನನ್ನ ಬಾಯಿಯಲ್ಲಿ ಸುಣ್ಣದ ಉರಿ ಬಂದಿತ್ತು, ಐವತ್ತಾರು ವರ್ಷದ ಹಿಂದಿನದು. ಮಾಳಿಗೆಯ ಕಲ್ಲು ಅಂಗಾಲಿಗೆ ಬಿಸಿಯಾಗಿತ್ತು. ನಾನು ಕಲೆಗಳನ್ನು ಎಣಿಸಿದ್ದು ನಿಜ. ಯಾಕೆ ಎಣಿಸಿದೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅಪ್ಪನ ಹಿಂದೆ ಓಡುತ್ತ, ಆ ಕೆಂಪು ಗೆರೆ ನೋಡುತ್ತ, ಅಣ್ಣ ಸಾಯದಿದ್ದರೆ ಜನ್ಮದಲ್ಲಿ ಎಲೆ ಮುಟ್ಟುವುದಿಲ್ಲ ಎಂದು ಬೇಡಿಕೊಂಡಿದ್ದೆ. ಎಲೆಯನ್ನು ಬಿಟ್ಟದ್ದು ನೆನಪಿತ್ತು. ಯಾಕೆ ಬಿಟ್ಟೆ ಎಂಬುದನ್ನು ಬಿಟ್ಟುಬಿಟ್ಟಿದ್ದೆ. ಪೆಟ್ಟು ತಪ್ಪಿಸಿಕೊಳ್ಳಲು ಮೊದಲು ಸುಮ್ಮನಿದ್ದೆವು. ಶಾಲೆಯಲ್ಲಿ ಛಡಿ ತಪ್ಪಿದ ಮೇಲೆ ಸುಮ್ಮನಿರುವುದರಲ್ಲಿ ಲಾಭ ಕಂಡಿತು. ಹೇಳುತ್ತ ಹೇಳುತ್ತ ನಾನು ನಂಬಿದೆ. ಅಣ್ಣ ನಂಬಲಿಲ್ಲ, ಅಷ್ಟೇ ವ್ಯತ್ಯಾಸ. “ಯಾಕೋ ಇಷ್ಟು ದಿನ ಹೇಳಲಿಲ್ಲ?” ಎಂದೆ. “ನೀ ಭಾಳ ಛಂದ ಹೇಳ್ತಿದ್ದೆಲ್ಲೋ ತಮ್ಮಾ, ಮುರೀಬಾರದು ಅಂತ ಸುಮ್ನಿದ್ದೆ” ಎಂದ.

ಸುವರ್ಣಾ ಕೊನೆಗೆ ಎಲ್ಲವನ್ನೂ ತೆಲುಗಿನಲ್ಲಿ ಹೇಳಿದಳು. ಡಾಕ್ಟರಮ್ಮ ನಗು ತಡೆಯಲು ಮಾಸ್ಕು ಏರಿಸಿಕೊಂಡಳು. ಹಲ್ಲು ಕಿತ್ತ ಜಾಗದಲ್ಲಿ ಕಟ್ಟಿದ ಹೆಪ್ಪು ಉಗುಳಿದರೆ ಕಿತ್ತುಬರುತ್ತದೆ, ಅದಕ್ಕೇ ಈಗಲೂ ಉಗುಳಬೇಡಿ ಎಂದು ಹೇಳಿ ಕಳಿಸುತ್ತೇವೆ ಎಂದಳು. ದೊಡ್ಡ ಪರೀಕ್ಷೆಗಳ ಸಾಲನ್ನು ಅಡ್ಡ ಗೆರೆ ಎಳೆದು ಹೊಡೆದು ಹಾಕಿದಳು. ಎತ್ತಿನ ವಿಷಯವನ್ನೂ ಅಣ್ಣನೇ ಪೂರ್ತಿ ಮಾಡಿದ.

ಗುರುವಾರ ಆಪರೇಷನ್ನು ಆಯಿತು. ರಕ್ತ ಯಾವ ತಕರಾರೂ ಮಾಡದೆ ಎಲ್ಲರ ರಕ್ತದಂತೆ ನಿಂತಿತು. ಅಣ್ಣ ಆಮೇಲೂ ನಾಲ್ಕು ದಿನ ಇದ್ದು, ದಿನಾ ಊಟವಾದ ಮೇಲೆ ನನ್ನೆದುರು ಕೂತು ಎಲೆ ಮಡಿಚಿ ಹಾಕಿಕೊಂಡು ಊರಿಗೆ ಹೋದ. ಹೋಗುವಾಗ ನನಗೂ ಒಂದು ಕೊಟ್ಟ. ಹರಕೆ ಯಾರಿಗಾಗಿತ್ತೋ ಅವನೇ ಕೊಟ್ಟ ಮೇಲೆ ಹರಕೆ ತೀರಿತಲ್ಲ ಎಂದು ಬಾಯಲ್ಲಿಟ್ಟುಕೊಂಡೆ. ರುಚಿ ಹಾಗೇ ಇತ್ತು. ಬಾಲ್ಕನಿಗೆ ಹೋಗಿ ಎದುರು ಮನೆಯ ಗೋಡೆ ಎಷ್ಟು ದೂರವಿದೆ ಎಂದು ಕಣ್ಣಿನಲ್ಲೇ ಅಳೆದೆ. ಹೊಲಿಗೆ ನೆನಪಾಗಿ ಒಳಗೆ ಬಂದೆ.

ಹೊಲಿಗೆ ಬಿಚ್ಚಿ ಬಂದ ದಿನ ಸುವರ್ಣಾ ನನ್ನ ಮುಂದೆ ಪೇಪರು ಹಾಸಿ, ಚಾಕು ಇಟ್ಟು, ಉಳ್ಳಾಗಡ್ಡಿಯ ಬುಟ್ಟಿ ಇಟ್ಟಳು. ಮೂರನೆಯ ಉಳ್ಳಾಗಡ್ಡಿಗೆ ಬೆರಳು ಕೊಯ್ದುಕೊಂಡೆ. ಕೈ ತಾನಾಗಿಯೇ ಜೇಬಿಗೆ ಹೋಯಿತು. ಚೀಲ ಇರಲಿಲ್ಲ, ಅದರೊಳಗಿನ ಅರಿಶಿನ ಬೆಳಿಗ್ಗೆಯ ಪಲ್ಯಕ್ಕೆ ಬಿದ್ದಿತ್ತು. ಗಡಿಯಾರ ನೋಡಿದೆ. “ಎರಡೂಕಾಲು ನಿಮಿಷಕ್ಕ ನಿಂತು” ಎಂದೆ. ಅವಳು ಒಲೆಯ ಕಡೆಯಿಂದ ತಿರುಗದೆ, “ನಿಂತಿತಲ್ಲ, ಇನ್ನ ನಾಕು ಹೆಚ್ಚರಿ” ಎಂದಳು. ಹೆಚ್ಚಿದೆ. ಆಗ ನನ್ನ ಕಣ್ಣಿನಲ್ಲಿ ನೀರು ಬಂದದ್ದು ಉಳ್ಳಾಗಡ್ಡಿಯಿಂದಲೇ ಹೊರತು ಬೇರೆ ಯಾವುದರಿಂದಲೂ ಅಲ್ಲ. ಅದಕ್ಕೆ ನಾನೇ ಸಾಕ್ಷಿ.